ಕಂಪನಿ ರೌಟರ್‌ಗೆ ಬೀಗ ಹಾಕಿದ್ದರೂ ಮನೆಯ ಕಂಪ್ಯೂಟರ್ ತಲುಪುವುದು: ಯಾವ ದಾರಿ ಯಾರಿಗೆ?

ಹೊರಗಡೆ ಇದ್ದುಕೊಂಡು ಮನೆಯ ಕಂಪ್ಯೂಟರ್ ಬಳಸಬೇಕು ಎಂದು ಹೊರಟವರು ಮೊದಲು ಎಡವುವುದು ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬದಲ್ಲಿ. ಕೆಲವರ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಪೋರ್ಟ್ ಎಂಬ ನಂಬರ್ ಹಾಕಿದ ಬಾಗಿಲಿಗೆ ಹೊರಗಿನಿಂದ ಬಂದದ್ದನ್ನು ಮನೆಯ ಒಂದು ಯಂತ್ರಕ್ಕೆ ದಾಟಿಸುವ ನಿಯಮ) ಪುಟವೇ ಇರುವುದಿಲ್ಲ. ಕೆಲವರಲ್ಲಿ ಇರುತ್ತದೆ, ಆದರೆ ಒತ್ತಲು ಬಾರದಂತೆ ಮಸುಕಾಗಿರುತ್ತದೆ. ಇನ್ನು ಕೆಲವರಿಗೆ ನಿಯಮ ಸೇವ್ ಕೂಡ ಆಗುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಹೊರಗಿನಿಂದ ನೋಡಿದರೆ ಮಾತ್ರ ಏನೂ ತಲುಪುವುದಿಲ್ಲ. ಮೂರೂ ಮೇಲ್ನೋಟಕ್ಕೆ ಒಂದೇ ಥರ. ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಡಬ್ಬದ ಜೊತೆ ಗುದ್ದಾಡುವುದನ್ನು ಬಿಡುವುದು ಹೆಚ್ಚಿನವರಿಗೆ ಒಳ್ಳೆಯದು. ಹೊರಗಿನಿಂದ ಒಳಗೆ ಬರುವ ದಾರಿ ಮುಚ್ಚಿದ್ದರೂ ಒಳಗಿನಿಂದ ಹೊರಗೆ ಹೋಗುವ ದಾರಿ ತೆರೆದೇ ಇರುತ್ತದೆ, ಇಲ್ಲದಿದ್ದರೆ ಒಂದು ವೆಬ್ ಪುಟವೂ ತೆರೆಯುತ್ತಿರಲಿಲ್ಲ ಅಲ್ವಾ? ಕೆಳಗೆ ಹೇಳುವ ಉಪಾಯಗಳಲ್ಲಿ ಬಹಳಷ್ಟು ಇದನ್ನೇ ಬಳಸಿಕೊಳ್ಳುತ್ತವೆ: ಮನೆಯ ಕಂಪ್ಯೂಟರೇ ಹೊರಗೆ ಒಂದು ಕಡೆ ಸಂಪರ್ಕ ಮಾಡಿ ಕಾಯುತ್ತಾ ಇರುತ್ತದೆ, ನೀವು ಅಲ್ಲಿಗೆ ಹೋಗಿ ಅದನ್ನು ಹಿಡಿಯುತ್ತೀರಿ. ಇವುಗಳಲ್ಲಿ ಒಂದನ್ನು ಆರಿಸುವಾಗ ಎಲ್ಲರೂ ವೇಗ ಎಷ್ಟು, ಬಿಟ್ಟಿಯಾ ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು, ನಡುವೆ ಯಾರು ಕೂತಿದ್ದಾರೆ, ಅವರಿಗೆ ಏನೇನು ಕಾಣುತ್ತದೆ ಎಂದು.

ಬೀಗ ಎಲ್ಲಿದೆ?

ವಿಪಿಎನ್ ಏನಾದರೂ ಓಡುತ್ತಿದ್ದರೆ ಆಫ್ ಮಾಡಿ. ರೌಟರ್‌ನ ಸ್ಟೇಟಸ್ ಪುಟಕ್ಕೆ ಹೋಗಿ ವ್ಯಾನ್ ಐಪಿ ಎಂದು ಬರೆದಿರುವ ವಿಳಾಸ ನೋಡಿ, ಅದು ರೌಟರ್‌ಗೆ ಹೊರಗಿನ ಕಡೆಯಿಂದ ಸಿಕ್ಕ ವಿಳಾಸ. ಆಮೇಲೆ ನಿಮ್ಮ ಐಪಿ ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ಪಬ್ಲಿಕ್ ಐಪಿ (ಇಂಟರ್ನೆಟ್‌ನಲ್ಲಿ ಎಲ್ಲಿಂದ ಬೇಕಾದರೂ ತಲುಪಬಹುದಾದ ವಿಳಾಸ) ಇದೆ, ಬೀಗ ಇರುವುದು ಡಬ್ಬದಲ್ಲಿ ಮಾತ್ರ. ವ್ಯಾನ್ ಐಪಿ 100.64 ರಿಂದ 100.127 ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ: ನ್ಯಾಟ್ ಅಂದರೆ ಹಲವು ಯಂತ್ರಗಳು ಒಂದೇ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ, ಸಿಜಿನ್ಯಾಟ್ ಅಂದರೆ ಅದನ್ನೇ ಕಂಪನಿ ಹಲವು ಮನೆಗಳಿಗೆ ಸೇರಿಸಿ ಮಾಡುವುದು. 10, 192.168, ಅಥವಾ 172.16 ರಿಂದ 172.31 ರ ಒಳಗಿನದು ಕಂಡರೂ ಮೇಲೆ ಇನ್ನೊಂದು ನ್ಯಾಟ್ ಇದೆ ಎಂದರ್ಥ. ಕಂಪನಿಯ ಡಬ್ಬದ ಹಿಂದೆ ನಿಮ್ಮದೇ ಇನ್ನೊಂದು ರೌಟರ್ ಇಟ್ಟಿದ್ದರೆ ಹೀಗೆ ಕಾಣುವುದು ಸಹಜ, ಆಗ ಕಂಪನಿಯ ಡಬ್ಬದ ವ್ಯಾನ್ ಐಪಿಯನ್ನೂ ನೋಡಬೇಕು.

ಸಿಜಿನ್ಯಾಟ್ ಯಾರೋ ನಿಮ್ಮನ್ನು ಸತಾಯಿಸಲು ತಂದದ್ದಲ್ಲ. ಐಪಿವಿ4 ಎಂಬ ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಕ್ಕೆ ಇರುವುದು 32 ಬಿಟ್, ಅಂದರೆ ಹೆಚ್ಚೆಂದರೆ ಸುಮಾರು 430 ಕೋಟಿ ವಿಳಾಸಗಳು. ಜಗತ್ತಿಗೆಲ್ಲ ವಿಳಾಸ ಹಂಚುವ ಐಯಾನಾ ತನ್ನ ಬಳಿ ಉಳಿದಿದ್ದ ಕೊನೆಯ ಕಂತುಗಳನ್ನು 2011ರ ಫೆಬ್ರವರಿಯಲ್ಲೇ ಕೊಟ್ಟು ಮುಗಿಸಿತು. 2012ರ ಏಪ್ರಿಲ್‌ನಲ್ಲಿ ಬಂದ ಆರ್‌ಎಫ್‌ಸಿ 6598 ಎಂಬ ಇಂಟರ್ನೆಟ್ ದಾಖಲೆ ಈ 100.64 ರ ಸಾಲನ್ನು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಎತ್ತಿಟ್ಟಿತು. ಈಗ ಒಂದೇ ಪಬ್ಲಿಕ್ ಐಪಿಯ ಹಿಂದೆ ಎಷ್ಟೋ ಮನೆಗಳು ಇರುತ್ತವೆ. ಹೊರಗಿನಿಂದ ಬಂದ ಪ್ಯಾಕೆಟ್ (ದತ್ತಾಂಶದ ತುಂಡು) ಅಪಾರ್ಟ್‌ಮೆಂಟ್ ಹೆಸರಷ್ಟೇ ಬರೆದು ಮನೆ ನಂಬರ್ ಬರೆಯದ ಕಾಗದದಂತೆ, ಯಾರಿಗೆ ಕೊಡಬೇಕು ಎಂದು ಗೊತ್ತಾಗದೆ ಅಲ್ಲೇ ಬಿದ್ದುಹೋಗುತ್ತದೆ. ನಿಮ್ಮ ರೌಟರ್‌ನಲ್ಲಿ ನೂರು ಪೋರ್ಟ್ ತೆರೆದರೂ ಪ್ರಯೋಜನ ಇಲ್ಲ, ಏಕೆಂದರೆ ಆ ಪ್ಯಾಕೆಟ್ ನಿಮ್ಮ ರೌಟರ್‌ವರೆಗೆ ಬರುವುದೇ ಇಲ್ಲ. ಹೊಸ ರೌಟರ್ ತಂದರೂ ಅಷ್ಟೇ. ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ.

ಬೇಕಾಗಿರುವುದು ಏನು ಎಂದೂ ಒಮ್ಮೆ ಯೋಚಿಸಿ. ಪರದೆ ನೋಡಿ ಮೌಸ್ ಓಡಿಸಬೇಕಾ, ಅಥವಾ ನಾಲ್ಕು ಫೈಲ್ ಬೇಕಾ? ಬರೀ ಫೈಲ್‌ಗೆ ಸಿಂಕ್‌ಥಿಂಗ್ ಸಾಕು, ಎರಡು ಯಂತ್ರಗಳ ಫೈಲ್‌ಗಳನ್ನು ಒಂದೇ ಥರ ಇಡುವ ಸಾಫ್ಟ್‌ವೇರ್ ಅದು. ಎರಡೂ ಕಡೆ ಹಾಕಿದರೆ ನ್ಯಾಟ್ ದಾಟುವ ಕೆಲಸ ಅದೇ ನೋಡಿಕೊಳ್ಳುತ್ತದೆ, ರೌಟರ್ ಮುಟ್ಟಬೇಕಾಗಿಲ್ಲ. ಅಂಥವರು ಈ ಲೇಖನದ ಉಳಿದ ಭಾಗ ಓದದಿದ್ದರೂ ನಡೆಯುತ್ತದೆ.

ಡಬ್ಬವನ್ನೇ ಸರಿಮಾಡಿಸುವುದು

ಪಬ್ಲಿಕ್ ಐಪಿ ಇದ್ದು ಡಬ್ಬ ಮಾತ್ರ ಬೀಗ ಹಾಕಿದ್ದರೆ ಕಂಪನಿಗೆ ಫೋನ್ ಮಾಡಿ ಬ್ರಿಡ್ಜ್ ಮೋಡ್ ಕೇಳಬಹುದು. ಆಗ ಅವರ ಡಬ್ಬ ಬರೀ ಮೋಡೆಮ್ ಆಗುತ್ತದೆ, ರೌಟರ್ ಕೆಲಸವೆಲ್ಲ ನೀವು ತಂದ ರೌಟರ್‌ನದು. ಪಿಪಿಪಿಒಇ (ಕಂಪನಿಯ ಜಾಲಕ್ಕೆ ರೌಟರ್ ಲಾಗಿನ್ ಆಗುವ ಒಂದು ವಿಧಾನ) ಇದ್ದರೆ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವಿಲ್ಯಾನ್ ನಂಬರ್ ಅದೇ ಕರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಅದೇ ಡಬ್ಬದಿಂದ ಲ್ಯಾಂಡ್‌ಲೈನ್ ಫೋನ್ ಅಥವಾ ಟಿವಿ ಬರುತ್ತಿದ್ದರೆ ಬ್ರಿಡ್ಜ್ ಮಾಡಿದ ಮೇಲೆ ಅವು ನಿಲ್ಲಬಹುದು, ಅದನ್ನೂ ಕೇಳಿ. ಬ್ರಿಡ್ಜ್ ಒಪ್ಪದಿದ್ದರೆ ಡಿಎಂಝಡ್ ಆಯ್ಕೆ ಇದೆಯಾ ನೋಡಿ. ಅದರಲ್ಲಿ ನಿಮ್ಮ ರೌಟರ್‌ನ ವಿಳಾಸ ಹಾಕಿದರೆ ಬಂದದ್ದೆಲ್ಲ ಅದಕ್ಕೆ ದಾಟುತ್ತದೆ. ಎರಡು ನ್ಯಾಟ್ ಇರುತ್ತದೆ, ಆದರೂ ಕೆಲಸ ನಡೆಯುತ್ತದೆ.

ನೆಟ್‌ನಲ್ಲಿ ಸಿಗುವ ಸೂಪರ್ ಅಡ್ಮಿನ್ ಪಾಸ್‌ವರ್ಡ್ ಹಾಕಿ ಬೀಗ ಮುರಿಯುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಎಷ್ಟೋ ಕಂಪನಿಗಳು ಟಿಆರ್-069 ಎಂಬ ವ್ಯವಸ್ಥೆಯಿಂದ ಡಬ್ಬದ ಸೆಟ್ಟಿಂಗ್‌ಗಳನ್ನು ದೂರದಿಂದಲೇ ನಿಭಾಯಿಸುತ್ತವೆ. ನೀವು ಬದಲಾಯಿಸಿದ್ದನ್ನು ಅವರು ಯಾವಾಗ ಬೇಕಾದರೂ ಮೊದಲಿನಂತೆ ಮಾಡಬಹುದು, ಅದೂ ನೀವು ಊರಲ್ಲಿ ಇಲ್ಲದ ದಿನವೇ ಆದರೆ ಏನು ಮಾಡುತ್ತೀರಿ?

ಸಿಜಿನ್ಯಾಟ್ ಇದ್ದವರು ಪಬ್ಲಿಕ್ ಐಪಿ ಕೇಳಬೇಕು. ಕೇಳುವ ರೀತಿ ಮುಖ್ಯ. ಎಂದೂ ಬದಲಾಗದ ಸ್ಟ್ಯಾಟಿಕ್ ಐಪಿ ಕೇಳಿದರೆ ತಿಂಗಳ ಬಿಲ್ ಏರಬಹುದು. ವಿಳಾಸ ಆಗಾಗ ಬದಲಾದರೂ ಪರವಾಗಿಲ್ಲ, ಪಬ್ಲಿಕ್ ಆಗಿದ್ದರೆ ಸಾಕು ಎಂದು ಹೇಳಿ ನೋಡಿ, ಕೆಲವು ಕಂಪನಿಗಳು ಕೇಳಿದವರಿಗೆ ಕೊಡುತ್ತವೆ. ಬದಲಾಗುವ ವಿಳಾಸಕ್ಕೆ ಡಕ್‌ಡಿಎನ್‌ಎಸ್, ನೋ-ಐಪಿ, ಡೈನು ಥರದ ಡೈನಾಮಿಕ್ ಡಿಎನ್‌ಎಸ್ ಇದೆ, ವಿಳಾಸ ಬದಲಾದರೂ ಒಂದೇ ಹೆಸರಿನಿಂದ ತಲುಪಿಸುವ ಸೇವೆ. ನೋ-ಐಪಿಯ ಬಿಟ್ಟಿ ಹೆಸರನ್ನು 30 ದಿನಕ್ಕೊಮ್ಮೆ ಖಚಿತಪಡಿಸುತ್ತಿರಬೇಕು, ಮರೆತರೆ ಹೋಯಿತು.

ಹೀಗೆಲ್ಲ ಮಾಡಿ ದಾರಿ ತೆರೆದ ಮೇಲೆ ಬಹಳ ಜನ ನೇರವಾಗಿ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದಿಡುತ್ತಾರೆ. ದಯವಿಟ್ಟು ಮಾಡಬೇಡಿ. ಇಡೀ ಇಂಟರ್ನೆಟ್ಟನ್ನು ಹಗಲೂ ರಾತ್ರಿ ತಡಕಾಡುತ್ತಾ ತೆರೆದ 3389 ಹುಡುಕಿ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಮ್‌ಗಳಿವೆ. 2019ರ ಮೇ ತಿಂಗಳಲ್ಲಿ ಹೊರಬಂದ ಬ್ಲೂಕೀಪ್ ದೋಷಕ್ಕಂತೂ ಪಾಸ್‌ವರ್ಡೇ ಬೇಕಿರಲಿಲ್ಲ. ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯ ಯಂತ್ರಗಳಿಗೆ ಅದರಿಂದ ಸುಮ್ನೆ ನುಗ್ಗಬಹುದಿತ್ತು. ಪೋರ್ಟ್ ನಂಬರ್ ಬದಲಿಸಿದರೆ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳಬಹುದು, ಅಷ್ಟೇ. ತೆರೆಯಲೇಬೇಕಿದ್ದರೆ ವೈರ್‌ಗಾರ್ಡ್ (ಎರಡು ಯಂತ್ರಗಳ ನಡುವೆ ಎನ್‌ಕ್ರಿಪ್ಟ್ ಆದ ಸುರಂಗ ಮಾಡುವ ವಿಪಿಎನ್) ಹಾಕಿ ಅದರ ಒಂದೇ ಒಂದು ಯುಡಿಪಿ ಪೋರ್ಟ್ ತೆರೆಯಿರಿ, ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದೆ ಬಾಗಿಲು ಬಡಿದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಅಲ್ಲಿ ಏನೋ ಓಡುತ್ತಿದೆ ಎಂದೇ ಹೊರಗಿನವರಿಗೆ ಗೊತ್ತಾಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ ಕರ್ನೆಲ್ 5.6 ರಿಂದ ಅದು ಕರ್ನೆಲ್‌ನ ಒಳಗೇ ಇದೆ.

ನಡುವೆ ಯಾರೂ ಇರಬಾರದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಕಂಪನಿ ಸಹಕರಿಸಬೇಕು, ಅಲ್ಲೇ ಹೆಚ್ಚಿನವರ ಗಾಡಿ ನಿಲ್ಲುವುದು.

ಐಪಿವಿ6 ಇದ್ದರೆ?

ಐಪಿವಿ6 ಅಂದರೆ ಇನ್ನೂ ಉದ್ದನೆಯ ವಿಳಾಸಗಳ ಹೊಸ ಮಾದರಿ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಐಪಿವಿ4 ಸಿಜಿನ್ಯಾಟ್‌ನಲ್ಲಿದ್ದರೂ ಅದೇ ಸಂಪರ್ಕದಲ್ಲಿ ಐಪಿವಿ6 ಇದ್ದರೆ ನಿಮ್ಮ ಕಂಪ್ಯೂಟರ್‌ಗೆ ಜಗತ್ತಿನಲ್ಲಿ ಬೇರಾರಿಗೂ ಇಲ್ಲದ ಸ್ವಂತ ವಿಳಾಸ ಇರುತ್ತದೆ. ನ್ಯಾಟ್ ಗೊಡವೆ ಇಲ್ಲ. ಅಡ್ಡಿ ಎರಡು. ರೌಟರ್‌ನ ಫೈರ್‌ವಾಲ್ ಒಳಬರುವ ಐಪಿವಿ6 ಅನ್ನು ಸಾಮಾನ್ಯವಾಗಿ ತಡೆಯುತ್ತದೆ, ಬೀಗ ಹಾಕಿದ ಡಬ್ಬಗಳಲ್ಲಿ ಅದನ್ನು ಸಡಿಲಿಸುವ ಪುಟ ಇಲ್ಲದಿರಬಹುದು. ಎರಡನೆಯದು, ನೀವು ಹೋಗಿ ಕೂತ ಜಾಗದಲ್ಲೂ ಐಪಿವಿ6 ಇರಬೇಕು. ಮೊಬೈಲ್ ಡೇಟಾದಲ್ಲಿ ಇರುವ ಸಾಧ್ಯತೆ ಜಾಸ್ತಿ, ಹೋಟೆಲ್ ವೈಫೈನಲ್ಲಿ ಕಡಿಮೆ. ಇದೊಂದನ್ನೇ ನಂಬಿ ಹೊರಡುವುದು ನನಗೆ ಧೈರ್ಯ ಬರುವುದಿಲ್ಲ.

ಟೇಲ್‌ಸ್ಕೇಲ್ ಮತ್ತು ಜೀರೋಟಿಯರ್

ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಮನೆಯ ಕಂಪ್ಯೂಟರ್‌ನಲ್ಲೂ ಲ್ಯಾಪ್‌ಟಾಪ್ ಅಥವಾ ಫೋನ್‌ನಲ್ಲೂ ಟೇಲ್‌ಸ್ಕೇಲ್ ಹಾಕಿ ಒಂದೇ ಖಾತೆಯಿಂದ ಲಾಗಿನ್ ಆಗಿ. ಎರಡೂ ಒಂದೇ ಮನೆಯ ನೆಟ್‌ವರ್ಕ್‌ನಲ್ಲಿ ಇದ್ದಂತೆ ಆಗುತ್ತದೆ. ಅದರ ಮೇಲೆ ರಿಮೋಟ್ ಡೆಸ್ಕ್‌ಟಾಪ್, ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಟೈಪ್ ಮಾಡಿ ಆದೇಶ ಕೊಡುವ ದಾರಿ), ಫೈಲ್ ಶೇರಿಂಗ್, ಏನು ಬೇಕಾದರೂ ಓಡಿಸಿ. ರೌಟರ್‌ನಲ್ಲಿ ಒಂದು ಅಕ್ಷರವೂ ಬದಲಿಸಬೇಕಾಗಿಲ್ಲ.

ಒಳಗೆ ನಡೆಯುವುದು ಹೀಗೆ. ಎರಡೂ ಯಂತ್ರಗಳು ಟೇಲ್‌ಸ್ಕೇಲ್‌ನ ಸರ್ವರ್‌ಗೆ ಹೊರಮುಖವಾಗಿ ಸಂಪರ್ಕ ಮಾಡಿ ತಮ್ಮ ನ್ಯಾಟ್ ಹೊರಗೆ ಯಾವ ವಿಳಾಸ, ಯಾವ ಪೋರ್ಟ್ ಕಾಣುತ್ತದೆ ಎಂದು ತಿಳಿದುಕೊಳ್ಳುತ್ತವೆ. ಆಮೇಲೆ ಎರಡೂ ಒಂದೇ ಸಮಯಕ್ಕೆ ಒಂದರ ಕಡೆಗೆ ಇನ್ನೊಂದು ಯುಡಿಪಿ ಪ್ಯಾಕೆಟ್ ಕಳಿಸುತ್ತವೆ. ಎರಡೂ ಕಡೆಯ ನ್ಯಾಟ್ ಇದನ್ನು ಒಳಗಿನವರು ಶುರುಮಾಡಿದ ಮಾತು ಎಂದುಕೊಂಡು ಉತ್ತರವನ್ನು ಒಳಗೆ ಬಿಡುತ್ತದೆ. ಇದಕ್ಕೆ ಹೋಲ್ ಪಂಚಿಂಗ್ ಅನ್ನುತ್ತಾರೆ. ಗೆದ್ದರೆ ಸಂಪರ್ಕ ನೇರ, ವೇಗವೂ ಚೆನ್ನ. ಕೆಲವು ಸಿಜಿನ್ಯಾಟ್‌ಗಳು ಪ್ರತಿ ಹೊಸ ಗುರಿಗೂ ಬೇರೆ ಪೋರ್ಟ್ ಕೊಡುತ್ತವೆ. ಎರಡೂ ಕಡೆ ಅಂಥದ್ದೇ ಸಿಕ್ಕರೆ ಈ ಊಹೆ ಕೈಕೊಡುತ್ತದೆ. ಆಗ ದತ್ತಾಂಶ ಡರ್ಪ್ ಎಂಬ ಅವರ ರಿಲೇ ಸರ್ವರ್‌ಗಳ ಮೂಲಕ ಹೋಗುತ್ತದೆ. ನಿಧಾನ, ಆದರೆ ನಿಲ್ಲುವುದಿಲ್ಲ.

ನಡುವೆ ಕೂತವರಿಗೆ ಏನು ಕಾಣುತ್ತದೆ? ಎನ್‌ಕ್ರಿಪ್ಷನ್ ವೈರ್‌ಗಾರ್ಡ್‌ನದು, ಪ್ರೈವೇಟ್ ಕೀ ನಿಮ್ಮ ಯಂತ್ರ ಬಿಟ್ಟು ಹೋಗುವುದಿಲ್ಲ, ಹಾಗಾಗಿ ರಿಲೇಗೂ ಒಳಗಿನ ಮಾತು ಓದಲು ಆಗುವುದಿಲ್ಲ. ಆದರೆ ನಿಮ್ಮ ಹತ್ತಿರ ಯಾವ ಯಂತ್ರಗಳಿವೆ, ಎಲ್ಲಿಂದ ಸಂಪರ್ಕಿಸುತ್ತಿವೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹೊಸ ಯಂತ್ರ ಸೇರಿಸುವ ಅಧಿಕಾರವೂ ಆ ಖಾತೆಯದು. ಲಾಗಿನ್ ಗೂಗಲ್, ಮೈಕ್ರೋಸಾಫ್ಟ್ ಅಥವಾ ಗಿಟ್‌ಹಬ್ ಖಾತೆಯಿಂದ ಆಗುವುದರಿಂದ ಆ ಖಾತೆ ಕದ್ದವರು ನಿಮ್ಮ ಮನೆಯೊಳಗೆ ಬಂದಂತೆ. ಅದಕ್ಕೆ ಎರಡು ಹಂತದ ಪರಿಶೀಲನೆ ಹಾಕದೆ ಟೇಲ್‌ಸ್ಕೇಲ್ ಶುರುಮಾಡಬೇಡಿ. ಇಷ್ಟೂ ನಂಬಿಕೆ ಬೇಡ ಎನ್ನುವವರಿಗೆ ಹೆಡ್‌ಸ್ಕೇಲ್ ಎಂಬ ಓಪನ್ ಸೋರ್ಸ್ ಸರ್ವರ್ ಇದೆ, ಆದರೆ ಅದನ್ನು ಓಡಿಸಲು ಹೊರಗೊಂದು ಜಾಗ ಬೇಕು.

ಜನ ಸಿಕ್ಕಿಬೀಳುವ ಜಾಗಗಳು ಮೂರು. ಒಂದು, ಪ್ರತಿ ಯಂತ್ರದ ಕೀಗೆ ಮೊದಲಿನಿಂದಲೇ 180 ದಿನದ ಗಡುವು ಇರುತ್ತದೆ. ಅದು ಮುಗಿದರೆ ಮನೆಯ ಯಂತ್ರದ ಎದುರು ಕೂತು ಮತ್ತೆ ಲಾಗಿನ್ ಆಗಬೇಕಾಗಬಹುದು, ನೀವೋ ದೂರದಲ್ಲಿರುತ್ತೀರಿ. ಅಡ್ಮಿನ್ ಪುಟದಲ್ಲಿ ಮನೆಯ ಯಂತ್ರಕ್ಕೆ ಮಾತ್ರ ಈ ಗಡುವು ತೆಗೆದುಬಿಡಿ. ಇನ್ನೊಂದು, ವಿಂಡೋಸ್‌ನಲ್ಲಿ ಯಾರೂ ಲಾಗಿನ್ ಆಗಿಲ್ಲದಾಗಲೂ ಟೇಲ್‌ಸ್ಕೇಲ್ ಓಡಬೇಕಿದ್ದರೆ ಅನ್‌ಅಟೆಂಡೆಡ್ ಆಯ್ಕೆ ಆನ್ ಮಾಡಬೇಕು. ರಾತ್ರಿ ಅಪ್‌ಡೇಟ್ ಆಗಿ ಯಂತ್ರ ರೀಸ್ಟಾರ್ಟ್ ಆದಾಗ ಇದರ ಬೆಲೆ ಗೊತ್ತಾಗುತ್ತದೆ. ಮೂರನೆಯದು ಬರೀ ಗೊಂದಲ: ಟೇಲ್‌ಸ್ಕೇಲ್ ಕೊಡುವ ವಿಳಾಸವೂ 100.64 ರ ಅದೇ ಸಾಲಿನದು. ಕಂಪ್ಯೂಟರ್‌ನಲ್ಲಿ ಅದನ್ನು ನೋಡಿ ಸಿಜಿನ್ಯಾಟ್ ಎಂದು ಗಾಬರಿಯಾಗಬೇಡಿ, ಪರೀಕ್ಷೆ ಮಾಡಬೇಕಾದದ್ದು ರೌಟರ್‌ನ ವ್ಯಾನ್ ಐಪಿ.

ಜೀರೋಟಿಯರ್ ಕೂಡ ಹತ್ತಿರ ಹತ್ತಿರ ಇದೇ ಕೆಲಸ ಮಾಡುತ್ತದೆ. ವ್ಯತ್ಯಾಸ ಎಂದರೆ ಅದು ಈಥರ್‌ನೆಟ್ ಮಟ್ಟದಲ್ಲೇ ಯಂತ್ರಗಳನ್ನು ಜೋಡಿಸುತ್ತದೆ, ಬ್ರಾಡ್‌ಕಾಸ್ಟ್ (ಜಾಲದ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಹೋಗುವ ಸಂದೇಶ) ಕೂಡ ದಾಟುತ್ತದೆ. ಹಳೆಯ ಲ್ಯಾನ್ ಆಟಗಳು, ತಾನಾಗಿ ಸಾಧನ ಹುಡುಕುವ ಸಾಫ್ಟ್‌ವೇರ್‌ಗಳು ಬೇಕಿದ್ದವರಿಗೆ ಅದು ವಾಸಿ. ಉಳಿದವರಿಗೆ ಟೇಲ್‌ಸ್ಕೇಲ್ ಸುಲಭ.

ಒಂದು ವಿಷಯ ಮರೆಯಬೇಡಿ, ಇವೆರಡೂ ದಾರಿ ಮಾತ್ರ ಕೊಡುತ್ತವೆ, ಪರದೆ ತೋರಿಸುವುದು ಬೇರೆ ಸಾಫ್ಟ್‌ವೇರ್. ವಿಂಡೋಸ್ ಹೋಮ್ ಆವೃತ್ತಿ ಇರುವ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಹೋಗಲು ಬರುವುದಿಲ್ಲ, ಪ್ರೊ ಬೇಕು. ಹೋಮ್ ಇದ್ದವರು ವಿಎನ್‌ಸಿ ಎಂಬ ಪರದೆ ತೋರಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು, ಇಲ್ಲವೇ ಮುಂದಿನ ಗುಂಪಿಗೆ ಹೋಗಬಹುದು.

ರೆಡಿಮೇಡ್ ರಿಮೋಟ್ ಡೆಸ್ಕ್‌ಟಾಪ್ ಆ್ಯಪ್‌ಗಳು

ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ಎನಿಡೆಸ್ಕ್, ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್. ನೆಟ್‌ವರ್ಕ್ ಬಗ್ಗೆ ಏನೂ ಗೊತ್ತಿಲ್ಲದವರೂ ಹತ್ತು ನಿಮಿಷದಲ್ಲಿ ಹಾಕಿಕೊಳ್ಳಬಹುದು, ಸಿಜಿನ್ಯಾಟ್ ಇದ್ದರೂ ಇಲ್ಲದಿದ್ದರೂ ಒಂದೇ. ಪರದೆ ಮಾತ್ರ ಬೇಕು, ಅಪರೂಪಕ್ಕೆ ಬೇಕು ಎನ್ನುವವರಿಗೆ ಕ್ರೋಮ್‌ನದು ಸಾಕು: ಗೂಗಲ್ ಖಾತೆ, ಒಂದು ಪಿನ್, ಮುಗಿಯಿತು. ಬೇರೆ ಸೌಲಭ್ಯ ಕಡಿಮೆ.

ಟೀಮ್‌ವ್ಯೂವರ್ ಸೌಲಭ್ಯದಲ್ಲಿ ಮುಂದಿದೆ. ಸ್ವಂತ ಬಳಕೆಗೆ ಬಿಟ್ಟಿ, ಆದರೆ ವಾಣಿಜ್ಯ ಬಳಕೆ ಎಂಬ ಅನುಮಾನ ಬಂದರೆ ಸೆಷನ್ ಕಡಿದುಹಾಕುತ್ತದೆ. ಎನಿಡೆಸ್ಕ್ ಹಗುರ, ಆದರೆ 2024ರ ಫೆಬ್ರವರಿಯಲ್ಲಿ ತನ್ನ ಸರ್ವರ್‌ಗಳಿಗೆ ಕನ್ನ ಬಿದ್ದಿತ್ತು ಎಂದು ಕಂಪನಿಯೇ ಹೇಳಿ ಸರ್ಟಿಫಿಕೇಟ್‌ಗಳನ್ನು ಬದಲಿಸಬೇಕಾಯಿತು. ಹಾಗೆಂದು ಇದು ಕೆಟ್ಟದ್ದು ಅನ್ನುತ್ತಿಲ್ಲ. ಈ ಗುಂಪಿನ ಸ್ವಭಾವವೇ ಅದು: ನಿಮ್ಮ ಯಂತ್ರದ ಪೂರ್ತಿ ನಿಯಂತ್ರಣ ಒಂದು ಐಡಿ ಮತ್ತು ಒಂದು ಪಾಸ್‌ವರ್ಡ್‌ನ ಹಿಂದೆ ಇರುತ್ತದೆ, ಆ ವ್ಯವಸ್ಥೆ ಓಡಿಸುವವರು ಬೇರೆಯವರು. ಉದ್ದನೆಯ ಪಾಸ್‌ವರ್ಡ್ ಇಡಿ, ಬೇರೆಲ್ಲೂ ಬಳಸದ್ದು ಇಡಿ. ರಸ್ಟ್‌ಡೆಸ್ಕ್ ಓಪನ್ ಸೋರ್ಸ್, ಅದರ ಸರ್ವರನ್ನು ನೀವೇ ಓಡಿಸಬಹುದು. ಟೇಲ್‌ಸ್ಕೇಲ್ ಮೇಲೆ ರಸ್ಟ್‌ಡೆಸ್ಕ್ ನೇರ ಐಪಿಯಿಂದ ಬಳಸಿದರೆ ವಿಂಡೋಸ್ ಹೋಮ್‌ನವರ ತೊಂದರೆಯೂ ತೀರುತ್ತದೆ. ನನಗೆ ಹಿಡಿಸಿದ ಜೋಡಿ ಅದು.

ಕ್ಲೌಡ್‌ಫ್ಲೇರ್ ಟನೆಲ್

ಇದನ್ನು ಟೇಲ್‌ಸ್ಕೇಲ್‌ಗೆ ಪರ್ಯಾಯ ಎಂದು ಹೇಳುವುದನ್ನು ನೋಡಿದ್ದೇನೆ. ನನ್ನ ಪ್ರಕಾರ ಎರಡರ ಕೆಲಸವೇ ಬೇರೆ. ಮನೆಯಲ್ಲಿ ಫೋಟೊ ಗ್ಯಾಲರಿಯೋ ಡ್ಯಾಶ್‌ಬೋರ್ಡೋ ಓಡುತ್ತಿದ್ದು, ಆ್ಯಪ್ ಹಾಕದ ಬೇರೆಯವರೂ ಬ್ರೌಸರ್‌ನಲ್ಲಿ ತೆರೆಯಬೇಕು ಅಂದರೆ ಇದು ಸರಿ. ನಿಮ್ಮದೇ ಡೊಮೇನ್ ಬೇಕು, ಅದರ ಡಿಎನ್‌ಎಸ್ ಕ್ಲೌಡ್‌ಫ್ಲೇರ್‌ನಲ್ಲಿರಬೇಕು. ಮನೆಯಲ್ಲಿ ಓಡುವ ಅವರ ಚಿಕ್ಕ ಪ್ರೋಗ್ರಾಮ್ ಹೊರಮುಖವಾಗಿ ಸಂಪರ್ಕ ಹಿಡಿದಿರುತ್ತದೆ. ಆದರೆ ಬ್ರೌಸರ್‌ನ ಎಚ್‌ಟಿಟಿಪಿಎಸ್ ಬಿಚ್ಚಿಕೊಳ್ಳುವುದು ಕ್ಲೌಡ್‌ಫ್ಲೇರ್‌ನ ಸರ್ವರ್‌ನಲ್ಲಿ, ಹಾಗಾಗಿ ಅವರು ಬಯಸಿದರೆ ಒಳಗಿನದು ಕಾಣುತ್ತದೆ. ಇನ್ನೂ ದೊಡ್ಡ ಅಪಾಯ, ಮುಂದೆ ಲಾಗಿನ್ ತಡೆ ಹಾಕದಿದ್ದರೆ ಆ ಪುಟ ಇಡೀ ಜಗತ್ತಿಗೆ ತೆರೆದಿರುತ್ತದೆ. ಅವರ ಆ್ಯಕ್ಸೆಸ್ ಸೇವೆಯನ್ನು ಮೊದಲು ಹಾಕಿ, ಆಮೇಲೆ ಟನೆಲ್ ಆನ್ ಮಾಡಿ.

ಸ್ವಂತ ವಿಪಿಎಸ್

ಲಿನಕ್ಸ್ ಗೊತ್ತಿರುವವರಿಗೆ ಮಾತ್ರ. ಹೊರಗೆ ಪಬ್ಲಿಕ್ ಐಪಿ ಇರುವ ಚಿಕ್ಕ ಸರ್ವರ್ (ಇದೇ ವಿಪಿಎಸ್) ಬಾಡಿಗೆಗೆ ತೆಗೆದುಕೊಂಡು, ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ಅಥವಾ ರಿವರ್ಸ್ ಎಸ್‌ಎಸ್‌ಎಚ್ ಟನೆಲ್ ಹಾಕುವುದು. ವೈರ್‌ಗಾರ್ಡ್ ಆದರೆ ಮನೆಯ ಕಡೆಯಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಲೇಬೇಕು. ಸುಮ್ಮನಿದ್ದ ಸಂಪರ್ಕವನ್ನು ನ್ಯಾಟ್ ಬೇಗ ಮರೆತುಬಿಡುತ್ತದೆ, ಆಮೇಲೆ ಹೊರಗಿನಿಂದ ಎಬ್ಬಿಸಲು ಆಗುವುದಿಲ್ಲ. ಎಸ್‌ಎಸ್‌ಎಚ್ ಆದರೆ ಕಡಿದುಹೋದಾಗ ಮತ್ತೆ ಜೋಡಿಸಲು ಆಟೊಎಸ್‌ಎಸ್‌ಎಚ್ ಬೇಕು. ಎಲ್ಲ ದತ್ತಾಂಶ ವಿಪಿಎಸ್ ಸುತ್ತಿಕೊಂಡೇ ಬರುವುದರಿಂದ ಹತ್ತಿರದ ಡೇಟಾ ಸೆಂಟರ್ ಆರಿಸಿ.

ಇದು ಪೂರ್ತಿ ನಮ್ಮದೇ ಎಂದು ಹಲವರು ಬೀಗುತ್ತಾರೆ. ಅರ್ಧ ಸತ್ಯ. ವಿಪಿಎಸ್ ನಡುವೆ ನಿಂತ ವೈರ್‌ಗಾರ್ಡ್‌ನಲ್ಲಿ ಪ್ಯಾಕೆಟ್ ಆ ಸರ್ವರ್‌ನಲ್ಲಿ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತದೆ. ಒಳಗೆ ಓಡುವುದು ಎಸ್‌ಎಸ್‌ಎಚ್ ಅಥವಾ ರಿಮೋಟ್ ಡೆಸ್ಕ್‌ಟಾಪ್ ಆದರೆ ಅವಕ್ಕೆ ತಮ್ಮದೇ ಎನ್‌ಕ್ರಿಪ್ಷನ್ ಇದೆ, ಚಿಂತೆ ಇಲ್ಲ. ಹಳೆಯ ವಿಎನ್‌ಸಿ ಆದರೆ ವಿಪಿಎಸ್‌ಗೆ ನುಗ್ಗಿದವನಿಗೆ ನಿಮ್ಮ ಪರದೆಯೇ ಕಾಣಬಹುದು. ಆ ಸರ್ವರನ್ನು ಅಪ್‌ಡೇಟ್ ಮಾಡುತ್ತಾ ಕಾಯುವ ಕೆಲಸವೂ ನಿಮ್ಮದೇ.

ದಾರಿ ಯಾವುದಾದರೂ

ಮನೆಯ ಪ್ಲಾನ್‌ನ ಅಪ್‌ಲೋಡ್ ವೇಗ ನೋಡಿ. ನೀವು ಹೊರಗಿನಿಂದ ನೋಡುವ ಪರದೆ ಮನೆಯಿಂದ ಹೊರಗೆ ಹೋಗುವ ದತ್ತಾಂಶ, ಡೌನ್‌ಲೋಡ್ ಎಷ್ಟೇ ಇದ್ದರೂ ಅದಕ್ಕೆ ಉಪಯೋಗ ಇಲ್ಲ. ಮನೆಯಲ್ಲಿ ಸರ್ವರ್ ಓಡಿಸಬಾರದು ಎಂಬ ಷರತ್ತು ಇದೆಯೇ ಎಂದು ಒಪ್ಪಂದವನ್ನೂ ಓದಿ. ಆಫೀಸಿನ ಲ್ಯಾಪ್‌ಟಾಪ್‌ನಿಂದ ಮನೆಗೆ ಹೋಗುವ ಯೋಚನೆ ಇದ್ದರೆ ಆಫೀಸಿನ ನಿಯಮ ಮೊದಲು.

ಕಂಪ್ಯೂಟರ್ ಮಲಗಿದ್ದರೆ ಮೇಲಿನ ಯಾವುದೂ ನಡೆಯುವುದಿಲ್ಲ, ಟೇಲ್‌ಸ್ಕೇಲ್ ಕೂಡ ಅದರ ಜೊತೆಗೇ ಮಲಗಿರುತ್ತದೆ. ಸ್ಲೀಪ್ ಆಫ್ ಮಾಡುವುದು ಸುಲಭದ ದಾರಿ. ವಿದ್ಯುತ್ ಉಳಿಸಬೇಕು ಎಂದರೆ ವೇಕ್ ಆನ್ ಲ್ಯಾನ್ ಇದೆ, ಆದರೆ ಆ ಎಬ್ಬಿಸುವ ಪ್ಯಾಕೆಟ್ ಮನೆಯ ನೆಟ್‌ವರ್ಕ್ ಒಳಗಿನಿಂದಲೇ ಹೊರಡಬೇಕು. ಅದಕ್ಕಾಗಿ ಸದಾ ಎಚ್ಚರವಿರುವ ರಾಸ್ಪ್‌ಬೆರಿ ಪೈ ಥರದ ಚಿಕ್ಕ ಯಂತ್ರ ಒಂದು ಬೇಕು: ಮೊದಲು ಅದಕ್ಕೆ ಹೋಗಿ, ಅಲ್ಲಿಂದ ದೊಡ್ಡದನ್ನು ಎಬ್ಬಿಸುವುದು. ದೊಡ್ಡ ಯಂತ್ರ ರೌಟರ್‌ಗೆ ಕೇಬಲ್‌ನಲ್ಲಿ ಜೋಡಿಸಿದ್ದರೆ ಒಳ್ಳೆಯದು, ವೈಫೈ ಮೇಲೆ ಎಬ್ಬಿಸುವುದನ್ನು ನಂಬುವ ಹಾಗಿಲ್ಲ. ಕರೆಂಟ್ ಹೋಗಿ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಬಯಾಸ್‌ನಲ್ಲಿ ಇರುತ್ತದೆ, ಅದನ್ನೂ ಹಾಕಿಡಿ. ಲಿನಕ್ಸ್‌ನಲ್ಲಿ ಪೂರ್ತಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದವರು ಎಚ್ಚರ, ಬೂಟ್ ಆಗುವಾಗ ಅದು ಪಾಸ್‌ವರ್ಡ್ ಕೇಳುತ್ತಾ ನಿಂತಿರುತ್ತದೆ.

ಪರೀಕ್ಷೆಯನ್ನು ಮನೆಯ ವೈಫೈನಿಂದ ಮಾಡಬೇಡಿ. ಒಳಗಿನಿಂದಲೇ ತಮ್ಮ ಪಬ್ಲಿಕ್ ಐಪಿಗೆ ಹೋದರೆ ಕೆಲವು ರೌಟರ್‌ಗಳು ಸುತ್ತಿಸಿ ತರುತ್ತವೆ, ಕೆಲವು ತರುವುದಿಲ್ಲ, ಎರಡರಿಂದಲೂ ತಪ್ಪು ಉತ್ತರವೇ ಸಿಗಬಹುದು. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಲಾಗಿನ್ ಆಗದೆ ಹಾಗೇ ಬಿಟ್ಟು, ಫೋನ್‌ನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ಸಂಪರ್ಕಿಸಿ. ರೌಟರನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲೆ ಮತ್ತೆ ನೋಡಿ. ಎರಡೂ ಸಲ ಪರದೆ ಬಂದರೆ ಬ್ಯಾಗ್ ಕಟ್ಟಬಹುದು.